ಹದಿನಾಲ್ಕೋ, ಇಪ್ಪತ್ತೆಂಟೋ

ಕುಲದರ್ಶಿ ಬಂದ ಮೇಲೆ ಮೈಸೂರಿನಲ್ಲಿ ಮಾತಿಗೆ ಬರವೇ ಇಲ್ಲದಂತಾಯಿತು. ಹಾಲಿನ ಬೂತಿನ ಮುಂದೆ ನಿಂತವರು ಮಳೆಯ ಸುದ್ದಿ, ಮದುವೆಯ ಸುದ್ದಿ ಎಲ್ಲ ಬಿಟ್ಟು ಕರಿಬೇವಿನ ಸುದ್ದಿ ಹಿಡಿದರು. "ನಮ್ಮದಕ್ಕೆ ಹಸಿರು ಪಟ್ಟಿ ಬಂತು ಕಣ್ರೀ, ನಿಮ್ಮದು?" ಎಂದು ಒಬ್ಬರು ಕೇಳಿದರೆ, "ಇನ್ನೂ ಹಳದೀಲೇ ನಿಂತಿದೆ, ಯಾರ ದೃಷ್ಟಿ ತಾಗಿತೋ" ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಿದ್ದರು. ಗೃಹಪ್ರವೇಶಕ್ಕೆ ತುಳಸಿ ಗಿಡ ಕೊಡುವವರು ಯಂತ್ರ ಬರೆದುಕೊಟ್ಟ ಅದರ ಕುಲಪತ್ರಕ್ಕೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಡುತ್ತಿದ್ದರು. ಮನುಷ್ಯರ ಜಾತಿ ಕೇಳುವುದು ಅಷ್ಟು ಹೊತ್ತಿಗೆ ನಾಚಿಕೆಯ ವಿಷಯವಾಗಿತ್ತು. ಆದರೆ ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಗಿಡಗಳಿಗೆ ಹೋಗಿ ಅಂಟಿಕೊಂಡಿತು.

ಯಂತ್ರ ನೋಡಲು ಎರಡು ಡಬ್ಬಿಯ ಟಿಫಿನ್ ಕ್ಯಾರಿಯರ್‌ನಷ್ಟೇ ಇತ್ತು. ಅದರ ಸೂಜಿಯನ್ನು ಮಣ್ಣಿಗೆ ಚುಚ್ಚಿದರೆ ಬೇರಿನ ತುದಿಯನ್ನು ಒಂದು ಚೂರು ಚಿವುಟಿಕೊಳ್ಳುತ್ತಿತ್ತು. ಪ್ರತಿ ಜೀವಕೋಶದಲ್ಲೂ ವರ್ಣತಂತು ಎಂಬ ಎಳೆಗಳಿರುತ್ತವಲ್ಲ, ಕೋಶ ಒಂದು ಎರಡಾಗುವ ಹೊತ್ತಿನಲ್ಲಿ ಮಾತ್ರ ಅವು ಗಿಡ್ಡಗೆ ದಪ್ಪಗೆ ಆಗಿ ಕಣ್ಣಿಗೆ ಬೀಳುತ್ತವೆ. ಬೇರಿನ ತುದಿ ಸದಾ ಬೆಳೆಯುವ ಜಾಗ, ಅಲ್ಲಿ ಕೋಶಗಳು ಸದಾ ಎರಡಾಗುತ್ತಲೇ ಇರುತ್ತವೆ. ಕುಲದರ್ಶಿ ಅಲ್ಲಿನ ಎಳೆಗಳನ್ನು ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ಎಣಿಸುತ್ತಿತ್ತು. ಈರುಳ್ಳಿಗೆ ಹದಿನಾರು, ಭತ್ತಕ್ಕೆ ಇಪ್ಪತ್ತನಾಲ್ಕು, ಮಾವಿಗೆ ನಲವತ್ತು, ಹೀಗೆ ಒಂದೊಂದಕ್ಕೆ ಒಂದೊಂದು ಲೆಕ್ಕ. ಮೇಲಿನ ಕ್ಯಾಮೆರಾ ಎಲೆ ಹೂವು ನೋಡಿ ಗಿಡದ ಹೆಸರು ಹೇಳುವುದು, ಕೆಳಗಿನ ಸೂಜಿ ಬೇರು ನೋಡಿ ಸಂಖ್ಯೆ ಹೇಳುವುದು. ಎರಡೂ ಹೊಂದಿದರೆ ಹಸಿರು ಪಟ್ಟಿ. ಗುರುತೇ ಹತ್ತದಿದ್ದರೆ ಹಳದಿ. ಒಂದಕ್ಕೊಂದು ತಾಳೆಯಾಗದಿದ್ದರೆ ಕೆಂಪು.

ಕೆಂಪು ಎಂದರೆ ಗಿಡವನ್ನು ಕಿತ್ತು ಸುಡುವುದು. ಇದೇನು ಕ್ರೌರ್ಯ ಎನ್ನಬೇಡಿ, ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ ಯಾರೋ ಅಲಂಕಾರಕ್ಕೆಂದು ತಂದ ಹೆಸರಿಲ್ಲದ ಮಿಶ್ರತಳಿಯೊಂದು ತಪ್ಪಿಸಿಕೊಂಡು ಹೋಗಿ ಜಿಲ್ಲೆಯ ಅರ್ಧ ಕೆರೆಗಳನ್ನು ನುಂಗಿ ನೀರು ಕುಡಿದಿತ್ತು. ಅಂದಿನಿಂದ ಹೆಸರು ಒಂದು, ಎಣಿಕೆ ಒಂದು ಎಂಬ ಗಿಡ ಕಂಡರೆ ಸರ್ಕಾರಕ್ಕೆ ಚಳಿಜ್ವರ.

ಈ ಯಂತ್ರದ ಮೇಲೂ ಒಬ್ಬರು ತೀರ್ಪು ಹೇಳುವವರಿದ್ದರು. ಕೆಂಪು ಪಟ್ಟಿ ಒಪ್ಪದವರು ಸಸ್ಯ ವರ್ಗೀಕರಣ ಕೇಂದ್ರಕ್ಕೆ ಮೇಲ್ಮನವಿ ಕೊಡಬಹುದಿತ್ತು. ಅಲ್ಲಿ ಹಳೆಯ ಕಾಲದ ಹಾಗೆ ಕೈಯಿಂದಲೇ ಸ್ಲೈಡ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸಿ, ಸಹಿ ಹಾಕಿದರೆ ಅದೇ ಕೊನೆಯ ಮಾತು. ಹಾಗೆ ಸ್ಲೈಡ್ ಮಾಡಬಲ್ಲವರು ಇಡೀ ರಾಜ್ಯದಲ್ಲಿ ಒಬ್ಬರೇ ಉಳಿದಿದ್ದರು. ಐವತ್ತೆರಡು ವರ್ಷದ ಧೃತಿ ಅರಸ್. ಮೂವತ್ತು ವರ್ಷ ಗಾಜಿನ ಚೂರುಗಳನ್ನು ಒತ್ತಿ ಒತ್ತಿ ಅವಳ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು.

ಅಂಥ ಧೃತಿಯ ಮನೆಯ ಮುಂದೆಯೇ ಒಂದು ಬೆಳಿಗ್ಗೆ ಕುಲದರ್ಶಿ ಕೀಂಯ್ ಎಂದಿತು.

ಕೃಷ್ಣಮೂರ್ತಿಪುರಂನ ಆ ಮನೆಯ ಗೇಟಿನ ಪಕ್ಕ ಒಂದು ಪನ್ನೀರು ಗುಲಾಬಿ ಇತ್ತು. ಎದೆಯೆತ್ತರ, ಮೈತುಂಬ ಮುಳ್ಳು. ಅರಳಿದರೆ ಬೀದಿಯ ಕೊನೆಯ ಮನೆಯವರೂ ಬಾಗಿಲು ತೆಗೆದು ನಿಲ್ಲುವಂಥ ವಾಸನೆ. ಧೃತಿಯ ಗಂಡ ಚಿರಂತನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಸೀಟಿ ಊದಿದರೆ ನಾಯಿಗಳೂ ಸಾಲಾಗಿ ನಿಲ್ಲುತ್ತವೆ ಎಂದು ಹೆಸರು ಪಡೆದ ಆಸಾಮಿ. ಆದರೆ ಈ ಗಿಡದ ಮುಂದೆ ಮಾತ್ರ ಅವನು ನಾಲ್ಕು ವರ್ಷದ ಮಗು. ಅವನಿಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ ಅಪ್ಪ ತನ್ನ ಕೈಯಾರೆ ನೆಟ್ಟ ಗಿಡ ಅದು. ಅಪ್ಪನ ಮುಖ ಅವನಿಗೆ ನೆನಪಿಲ್ಲ. ಗಿಡ ಇದೆ, ಅಷ್ಟೇ. ಐವತ್ತು ವರ್ಷದಿಂದ ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಬುಡಕ್ಕೆ ಹಾಕಿ, "ಅಪ್ಪಾ, ನೀರು" ಎಂದು ಹೇಳಿಯೇ ಕಾಫಿಗೆ ಕೂರುವುದು. ಮದುವೆಯಾದ ಹೊಸತರಲ್ಲಿ ಧೃತಿಗೆ ಇದು ನಗು ತರಿಸುತ್ತಿತ್ತು. ಆಮೇಲೆ ಆಮೇಲೆ, ಅವನು ಊರಲ್ಲಿಲ್ಲದ ದಿನ ಅವಳೇ ಚೊಂಬು ಹಿಡಿದು "ಮಾವ, ನೀರು" ಎನ್ನತೊಡಗಿದಳು.

ಕುಲದರ್ಶಿ ಹಿಡಿದು ಬಂದಿದ್ದ ಇನ್ಸ್‌ಪೆಕ್ಟರ್ ಸನಾ ಪರದೆಯನ್ನು ಎರಡು ಸಲ ಒರೆಸಿ ನೋಡಿದಳು.

"ಮೇಡಂ, ನಿಮ್ಮನೇಲೇ ಹೀಗಾಗಬೇಕಾ? ಹೂವು ಪನ್ನೀರು ಗುಲಾಬಿ ಅಂತಿದೆ. ಅಂದ್ರೆ ಇಪ್ಪತ್ತೆಂಟು ಇರಬೇಕು. ಬೇರು ಹದಿನಾಲ್ಕು ಅಂತಿದೆ."

"ಇನ್ನೊಂದ್ಸಲ ಚುಚ್ಚಿ ನೋಡಮ್ಮ," ಎಂದ ಚಿರಂತನ.

"ಮೂರು ಸಲ ಚುಚ್ಚಿದೆ ಸರ್."

ಜಗಲಿಯ ಮೇಲೆ ಕೂತಿದ್ದ ಧೃತಿಯ ಅತ್ತೆ ಲಾವಣ್ಯಮ್ಮ ಕೈಯಲ್ಲಿದ್ದ ಹುರುಳಿಕಾಯಿಯನ್ನು ಕೆಳಗಿಟ್ಟರು. ಎಂಬತ್ತನಾಲ್ಕು ವರ್ಷ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು. ನೀರಿನ ಬಿಲ್ಲಿನವನಿಂದ ಹಿಡಿದು ಕಾರ್ಪೊರೇಟರ್‌ವರೆಗೆ ಯಾರನ್ನೂ ಬಿಡದೆ ಜಾಡಿಸುವ ಹೆಂಗಸು. ಈ ಹುಡುಗಿಯ ಗ್ರಹಚಾರ ಇವತ್ತು ಕೆಟ್ಟಿತು ಎಂದುಕೊಂಡಳು ಧೃತಿ. ಆದರೆ ಅತ್ತೆ ತುಟಿ ಬಿಚ್ಚಲಿಲ್ಲ. ಸನಾ ಗಿಡದ ನಡುವಿಗೆ ಕೆಂಪು ಪಟ್ಟಿ ಕಟ್ಟುವುದನ್ನೇ ನೋಡುತ್ತ ಕೂತುಬಿಟ್ಟರು.

"ಹದಿನೈದು ದಿನ ಟೈಮಿದೆ ಮೇಡಂ. ಮೇಲ್ಮನವಿ ನಿಮ್ಮ ಟೇಬಲ್ಲಿಗೇ ಬರುತ್ತಲ್ಲ," ಎಂದಳು ಸನಾ, ತಪ್ಪು ಮಾಡಿದವಳ ಹಾಗೆ.

ಚಿರಂತನನ ಮುಖ ಅರಳಿತು. "ಹೌದಲ್ವಾ! ನಮ್ಮ ಧೃತಿ ನೋಡಿದ್ರೆ ಸರಿಹೋಗುತ್ತೆ ಬಿಡು."

ಗಂಡನ ಈ ನಂಬಿಕೆಯೇ ಧೃತಿಗೆ ಹೆದರಿಕೆ ತಂದಿತು.

ಕೇಂದ್ರದ ನಿರ್ದೇಶಕ ಬೋಪಣ್ಣ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಸೂಕ್ಷ್ಮದರ್ಶಕ ಹಿಡಿಯಲು ಕಲಿಸಿದ್ದೇ ಅವಳು. "ನನ್ನ ಮನೆ ಗಿಡ ಸರ್, ಬೇರೆಯವರಿಗೆ ಕೊಡಿ," ಎಂದು ಅವಳು ಅರ್ಜಿ ಮುಂದಿಟ್ಟರೆ ಅವನು ತಲೆ ಕೆರೆದುಕೊಂಡ.

"ಕೊಡೋಣ ಮೇಡಂ, ಆದ್ರೆ ಬೇರೆಯವರು ಎಲ್ಲಿದ್ದಾರೆ? ನಾನು ಪಕ್ಕದಲ್ಲಿ ಸಾಕ್ಷಿಗೆ ನಿಲ್ತೀನಿ. ನೀವೇ ಮಾಡಿ. ನೀವು ಸುಳ್ಳು ಬರೆಯೋ ದಿನ ನಾನು ಕಾಫಿ ಬಿಡ್ತೀನಿ."

ಬೆಳಿಗ್ಗೆ ಹತ್ತೂವರೆಗೆ ಬೇರಿನ ಕೋಶಗಳು ಹೆಚ್ಚು ಚುರುಕು. ಆ ಹೊತ್ತಿಗೇ ಸರಿಯಾಗಿ ಧೃತಿ ಮನೆಯಲ್ಲಿ ಬುಡದ ಮಣ್ಣು ಸರಿಸಿ ಬೆಳ್ಳಗಿನ ಎಳೆಬೇರುಗಳ ತುದಿ ಕತ್ತರಿಸಿದಳು. ಸಾಕ್ಷಿ ಬೋಪಣ್ಣ ಪಕ್ಕದಲ್ಲಿ ನಿಂತು ಲಾವಣ್ಯಮ್ಮ ಕೊಟ್ಟ ಕೋಡುಬಳೆ ತಿಂದ. ತುದಿಗಳು ಒಂದು ದಿನ ಮದ್ಯಸಾರದ ದ್ರಾವಣದಲ್ಲಿ ನೆನೆದವು. ಮರುದಿನ ಅವಳು ಒಂದು ತುದಿಯನ್ನು ಗಾಜಿನ ಮೇಲಿಟ್ಟು, ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಬಿಸಿ ತಾಗಿತೋ ಇಲ್ಲವೋ ಎನ್ನುವಷ್ಟು ಹಾಯಿಸಿದಳು. ಮೇಲೊಂದು ತೆಳು ಗಾಜು ಮುಚ್ಚಿ, ಬೆಂಕಿಕಡ್ಡಿಯ ಹಿಂಬದಿಯಿಂದ ಮೆತ್ತಗೆ ಕುಟ್ಟಿ, ಬ್ಲಾಟಿಂಗ್ ಕಾಗದ ಹೊದಿಸಿ ಹೆಬ್ಬೆರಳಿನಿಂದ ಒತ್ತಿದಳು. ಈ ಒತ್ತುವುದರಲ್ಲೇ ಇರುವುದು ಎಲ್ಲ. ಕಡಿಮೆಯಾದರೆ ಎಳೆಗಳು ಗೋಜಲು, ಹೆಚ್ಚಾದರೆ ಚೆಲ್ಲಾಪಿಲ್ಲಿ. ಬೆರಳಿಗೆ ತಾನಾಗಿ ಗೊತ್ತಾಗಬೇಕು.

ಹದಿನಾಲ್ಕು.

ಇನ್ನೊಂದು ಸ್ಲೈಡ್ ಮಾಡಿದಳು. ಹದಿನಾಲ್ಕು. ಮೂರನೆಯದರಲ್ಲಿ ಎಳೆಗಳು ಎಷ್ಟು ಅಚ್ಚುಕಟ್ಟಾಗಿ ಹರಡಿದ್ದವೆಂದರೆ, ಬೇರೆ ದಿನವಾಗಿದ್ದರೆ ಅವಳು ಎಲ್ಲರನ್ನೂ ಕರೆದು ತೋರಿಸುತ್ತಿದ್ದಳು. ಅದರಲ್ಲೂ ಹದಿನಾಲ್ಕೇ.

ಬೋಪಣ್ಣ ತಾನೂ ಕಣ್ಣಿಟ್ಟು ನೋಡಿ ಹಿಂದೆ ಸರಿದ. "ಇನ್ನೂ ಟೈಮಿದೆ ಮೇಡಂ. ಇವತ್ತೇ ಸಹಿ ಮಾಡಬೇಕಾಗಿಲ್ಲ," ಎಂದ.

ಸಂಜೆ ಅವಳು ಮನೆಗೆ ಬಂದಾಗ ಚಿರಂತನ ಗೇಟಿನಲ್ಲೇ ನಿಂತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು. ಕತ್ತಿನ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಗಿಡ ನೋಡಿದ.

"ಕಂಡಿದ್ದನ್ನೇ ಬರಿ ಧೃತಿ. ನಂಗೋಸ್ಕರ ನಿನ್ನ ಕೈ ಸುಳ್ಳು ಹೇಳಬಾರದು."

"ನೀನು ಬೈದುಬಿಡು, ಚಿರಂತ್. ಹೀಗೆ ಒಳ್ಳೆಯವನ ಥರ ಮಾತಾಡಬೇಡ, ನಂಗೆ ತಡಕೊಳ್ಳಕ್ಕಾಗಲ್ಲ," ಎಂದು ಧೃತಿ ಅಲ್ಲೇ ಅತ್ತುಬಿಟ್ಟಳು.

ಲಾವಣ್ಯಮ್ಮ ಕಿಟಕಿಯಿಂದ ಇಬ್ಬರನ್ನೂ ನೋಡಿದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಹಸಿವಿಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ಧೃತಿ ಕೇಳಿದ್ದು ಅದೇ ಮೊದಲು.

ಬೆಳಿಗ್ಗೆ ಧೃತಿ ಹೊರಡುವಾಗ ಅತ್ತೆ ಒಂದು ಸಣ್ಣ ಡಬ್ಬಿ ತಂದು ಕೈಯಲ್ಲಿಟ್ಟರು. ಮುಚ್ಚಳ ತೆಗೆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗುಲಾಬಿಯ ಗೊಂಚಲು. ಅಕ್ಕಿಕಾಳಿನಷ್ಟರಿಂದ ಹಿಡಿದು ಕಡಲೆಕಾಳಿನಷ್ಟರವರೆಗೆ ಹಸಿ ಹಸಿ ಮೊಗ್ಗುಗಳು. ಧೃತಿ ದಂಗಾದಳು. ಈ ಗಿಡದ ಮೊಗ್ಗು ಮುಟ್ಟಿದ್ದಕ್ಕೆ ತನ್ನ ಸ್ವಂತ ತಂಗಿಯನ್ನೇ ಒಂದು ವರ್ಷ ಮಾತಾಡಿಸದಿದ್ದ ಹೆಂಗಸು ಇವರು.

"ಏನತ್ತೆ ಇದು? ನೀವೇ ಕಿತ್ರಾ?"

"ಬೇರೊಂದನ್ನೇ ನೋಡಿ ತೀರ್ಮಾನ ಮಾಡಬೇಡ ಕಣೇ. ಮೊಗ್ಗನ್ನೂ ನೋಡು." ಅತ್ತೆ ಅವಳ ಕಣ್ಣು ತಪ್ಪಿಸಿ ಹೇಳಿದರು. "ನಂಗೇನು ಗೊತ್ತು ನಿಮ್ಮ ವಿದ್ಯೆ. ನೋಡು ಅಂದೆ, ಅಷ್ಟೆ."

ಮೊಗ್ಗಿನಲ್ಲೂ ಎಣಿಸಬಹುದು. ಪರಾಗ ತಯಾರಾಗುವ ಹೊತ್ತಿನಲ್ಲಿ ಕೇಸರದೊಳಗಿನ ಕೋಶಗಳಲ್ಲಿ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲುತ್ತವೆ. ಜೋಡಿ ಎಣಿಸಿ ಎರಡರಿಂದ ಗುಣಿಸಿದರಾಯಿತು. ಧೃತಿ ಕಲಿಯುವಾಗ ಮಾಡಿದ್ದಳು. ಆದರೆ ಅದಕ್ಕೆ ಸರಿಯಾದ ವಯಸ್ಸಿನ ಮೊಗ್ಗು ಸಿಗಬೇಕು, ಸಿಕ್ಕರೂ ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಅದಕ್ಕೇ ಆ ದಾರಿ ಬಿಟ್ಟುಹೋಗಿತ್ತು. ಬೇರು ಇರುವಾಗ ಮೊಗ್ಗಿನ ತಂಟೆ ಯಾಕೆ? ಒಂದೇ ಗಿಡ, ಎಲ್ಲಿ ನೋಡಿದರೂ ಅದೇ ಎಣಿಕೆ ತಾನೇ?

ಮೊಗ್ಗುಗಳನ್ನೂ ಒಂದು ದಿನ ನೆನೆಸಿಟ್ಟಳು. ಆರು ಕೆಟ್ಟವು. ಏಳನೆಯದು ಮೆಣಸಿನಕಾಳಿನಷ್ಟಿತ್ತು. ಕೇಸರದ ಚೂರನ್ನು ಬಿಡಿಸಿ, ಬಣ್ಣ ಹಾಕಿ, ಬೇರಿಗಿಂತ ಹಗುರವಾಗಿ ಒತ್ತಿ, ಕಣ್ಣಿಟ್ಟು ಎಣಿಸಿದಳು. ಮತ್ತೆ ಎಣಿಸಿದಳು. ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಎಣಿಸಿದಳು.

"ಬೋಪಣ್ಣಾ!"

ಸರ್ ಎನ್ನುವುದನ್ನೂ ಮರೆತು ಕೂಗಿದ್ದಕ್ಕೆ ಅವನು ಕಾಫಿ ಲೋಟದ ಸಮೇತ ಓಡಿ ಬಂದ. ನೋಡಿದ. ಹದಿನಾಲ್ಕು ಜೋಡಿ. ಇಪ್ಪತ್ತೆಂಟು.

"ಬೇರಲ್ಲಿ ಹದಿನಾಲ್ಕು, ಹೂವಲ್ಲಿ ಇಪ್ಪತ್ತೆಂಟಾ? ಒಂದೇ ಗಿಡಕ್ಕೆ ಎರಡು ಲೆಕ್ಕ ಹೇಗೆ ಮೇಡಂ?"

ಧೃತಿ ಮೊಗ್ಗಿನ ಡಬ್ಬಿಯನ್ನು ಕೈಗೆತ್ತಿಕೊಂಡಳು. ಅತ್ತೆ ಕಣ್ಣು ತಪ್ಪಿಸಿದ್ದು ನೆನಪಾಯಿತು. ಗೆರೆ ಎಳೆದಂತೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

"ಒಂದೇ ಗಿಡ ಅಂತ ಯಾರು ಹೇಳಿದ್ರು?" ಎಂದಳು ಮೆಲ್ಲಗೆ. "ಕಸಿ. ಇದು ಕಸಿ ಗಿಡ."

ಬೋಪಣ್ಣ ಆ ಪದವನ್ನು ಪುಸ್ತಕದಲ್ಲಿ ಓದಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಕಾಣುವುದಾದರೂ ಎಲ್ಲಿಂದ? ಮೂವತ್ತು ವರ್ಷದಿಂದ ಗಿಡಗಳೆಲ್ಲ ಪ್ರಯೋಗಾಲಯದ ಸೀಸೆಗಳಲ್ಲೇ ಹುಟ್ಟಿ, ಬೇರು ಬಿಟ್ಟು, ಮನೆಗೆ ಬರುತ್ತಿದ್ದವು. ಕಸಿ ಕಟ್ಟುವ ಕೈಗಳೇ ಇರಲಿಲ್ಲ. ಕುಲದರ್ಶಿ ಮಾಡಿದ ಜಾಣರೂ ಸೀಸೆಯ ಗಿಡಗಳ ನಡುವೆ ಬೆಳೆದವರೇ. ಒಂದರ ಬೇರಿನ ಮೇಲೆ ಇನ್ನೊಂದು ಹೂ ಬಿಡಬಹುದು ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ. ಹಳೆಯ ಮಾವಿನ ತೋಪುಗಳಲ್ಲಿ ಮಾವಿನ ಮೇಲೆ ಮಾವನ್ನೇ ಕಟ್ಟಿದ್ದರಿಂದ ಮೇಲೂ ಕೆಳಗೂ ಎಣಿಕೆ ನಲವತ್ತೇ ಬಂದು, ಯಂತ್ರ ಹಸಿರು ಪಟ್ಟಿ ಕೊಟ್ಟು ಸುಮ್ಮನಿತ್ತು. ಗುಲಾಬಿಗಳು ಮಾತ್ರ ಏಳರ ಮಗ್ಗಿಯವು. ಹದಿನಾಲ್ಕರದ್ದೂ ಇವೆ, ಇಪ್ಪತ್ತೊಂದರದ್ದೂ ಇವೆ, ಇಪ್ಪತ್ತೆಂಟರದ್ದೂ ಇವೆ.

"ಹಾಗಾದ್ರೆ ಇದುವರೆಗೆ ಕೆಂಪು ಅಂತ ಸುಟ್ಟ ಗುಲಾಬಿಗಳು..." ಎಂದ ಬೋಪಣ್ಣ.

"ಹನ್ನೊಂದಕ್ಕೆ ನನ್ನ ಸಹಿ ಇದೆ," ಎಂದಳು ಧೃತಿ. ಒಬ್ಬ ತಾತ ಗಿಡ ಸುಡುವ ದಿನ ಟೋಪಿ ತೆಗೆದು ನಿಂತಿದ್ದನ್ನು ಸನಾ ಹೇಳಿದ್ದು ಅವಳಿಗೆ ಈಗ ನೆನಪಾಯಿತು.

ಚಿರಂತನ ಶಾಲೆಯಿಂದ ಬರುವುದಕ್ಕೆ ಇನ್ನೂ ಒಂದು ಗಂಟೆ ಇರುವಾಗಲೇ ಅವಳು ಮನೆ ತಲುಪಿದಳು. ಸೀರೆ ಸೆರಗು ಸಿಕ್ಕಿಸಿ ಗಿಡದ ಬುಡದಲ್ಲಿ ಕೂತು ಮಣ್ಣು ಕೆದಕಿದಳು. ನಾಲ್ಕು ಬೆರಳು ಕೆಳಗೆ ಕಾಂಡದಲ್ಲಿ ಒಂದು ಗಂಟು, ಗಂಟಿನ ಪಕ್ಕದಲ್ಲಿ ಹಳೆಯ ಗಾಯ ಮಾಗಿದ ಗುರುತು.

"ಸಿಕ್ತಾ?" ಜಗಲಿಯಿಂದ ಅತ್ತೆಯ ದನಿ.

"ಸಿಕ್ತು."

ಲಾವಣ್ಯಮ್ಮ ಮೆಟ್ಟಿಲಿಳಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. "ಅವರು ಹೋದ ಮೇಲೆ ಎರಡು ತಿಂಗಳು ನಾನು ಹೊರಗೇ ಬರಲಿಲ್ಲ ಕಣೇ. ಬೇಸಿಗೆ ಬೇರೆ. ಒಂದು ದಿನ ಈ ಮಗು ಒಳಗೆ ಬಂದು 'ಅಮ್ಮ, ಅಪ್ಪನ ಗಿಡ ಕಂದು ಆಗೋಗಿದೆ' ಅಂತು. ಓಡಿ ಬಂದು ನೋಡ್ತೀನಿ, ಬುಡವೆಲ್ಲ ಸತ್ತುಹೋಗಿದೆ. ಒಂದೇ ಒಂದು ರೆಂಬೆಯ ತುದಿ ಹಸಿರಿತ್ತು. ಅದರಲ್ಲಿ ಚಿಗುರೊಡೆಯೋ ಕಣ್ಣು ಮೂರು."

"ಚಿರಂತ್‌ಗೆ ಏನು ಹೇಳಿದ್ರಿ?"

"ನಿದ್ದೆ ಮಾಡ್ತಿದೆ ಅಂದೆ. ಆಗೆಲ್ಲ ಫೋನಿನಲ್ಲಿ ನೋಡಿ ಕಲಿಯೋ ಕಾಲ. ಕಸಿ ಹೇಗೆ ಕಟ್ಟೋದು ಅಂತ ನೋಡಿದೆ. ಬೇಲಿಲಿದ್ದ ಕಾಡುಗುಲಾಬಿ ತಂದು ನೆಟ್ಟು, ತೊಗಟೆ ಸೀಳಿ, ಒಂದೊಂದು ಕಣ್ಣನ್ನೂ ಒಳಗಿಟ್ಟು, ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಕತ್ತರಿಸಿ ಕಟ್ಟಿದೆ. ಎರಡು ಕಣ್ಣು ಸತ್ತವು. ಒಂದು ಹಿಡೀತು." ಅತ್ತೆ ಮೂಗೊರೆಸಿಕೊಂಡರು. "ಹೂ ಬಿಟ್ಟ ದಿನ ಆ ಮಗು 'ಅಪ್ಪ ಎದ್ದ' ಅಂತ ಬೀದಿಗೆಲ್ಲ ಕೂಗಿ ಹೇಳ್ತು. ಆಮೇಲೆ ನಾನು ಯಾವ ಬಾಯಲ್ಲಿ ಹೇಳಲಿ, ಇದು ಅಪ್ಪ ನೆಟ್ಟ ಬೇರಲ್ಲ ಅಂತ?"

ಧೃತಿ ಮಣ್ಣು ಕೈಯಲ್ಲೇ ಅತ್ತೆಯ ಮಂಡಿ ಹಿಡಿದುಕೊಂಡಳು.

"ವರದೀಲಿ ಬರೀಲೇಬೇಕಾ?" ಎಂದರು ಅತ್ತೆ.

"ಬರೀದಿದ್ರೆ ಗಿಡ ಹೋಗುತ್ತೆ. ಬರೆದ್ರೆ ಗಿಡದ ಪಕ್ಕ ತೂಗುಹಾಕೋ ಕುಲಪತ್ರದ ಮೇಲೆ ಬರುತ್ತೆ, ದಿನಾ ಅವನ ಕಣ್ಣಿಗೆ ಬೀಳುತ್ತೆ."

"ಐವತ್ತು ವರ್ಷ ಸುಳ್ಳಿಗೆ ನೀರು ಹಾಕಿಸಿದೆ ಅಂದ್ಕೊಳ್ತಾನೆ."

ಅಷ್ಟರಲ್ಲಿ ಗೇಟು ಸದ್ದಾಯಿತು. ಚಿರಂತನ ಅಂದು ಬೇಗ ಬಂದಿದ್ದ. ಬುಡ ಕೆದರಿದ್ದು, ಹೆಂಡತಿ ನೆಲದ ಮೇಲೆ ಕೂತದ್ದು, ಅಮ್ಮನ ಕಣ್ಣು ಕೆಂಪಾದದ್ದು, ಎಲ್ಲ ನೋಡಿ ಗಾಬರಿಯಾಗಿ, "ಈಗಲೇ ಕೀಳ್ತಿದೀರಾ? ನಂಗೆ ಒಂದು ಮಾತು ಹೇಳಬಾರದಾ?" ಎಂದ.

ಧೃತಿ ಬಾಯಿ ತೆರೆದಳು. ಲಾವಣ್ಯಮ್ಮ ಕೈಯೆತ್ತಿ ತಡೆದರು.

"ನೀನಿರು. ಇದು ನಾನು ಹೇಳಬೇಕಾದ್ದು. ಬಾರೋ, ಕೂತ್ಕೋ."

ಹೇಳಿದರು. ಮೊದಲಿನಿಂದ, ಒಂದೂ ಬಿಡದೆ. ಚಿರಂತನ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಕೇಳುತ್ತಿದ್ದ. ಮಾತು ಮುಗಿದ ಮೇಲೆ ಕೆಳಗಿಳಿದು ಗಂಟನ್ನು ಬೆರಳಿನಿಂದ ಮುಟ್ಟಿದ.

"ಹಾಗಾದ್ರೆ ಇದು ಅಪ್ಪಂದಲ್ಲ."

"ಗಂಟಿನ ಕೆಳಗೆ ಅಲ್ಲ," ಎಂದಳು ಧೃತಿ. "ಮೇಲೆ ಎಲ್ಲಾ ಅಪ್ಪಂದೇ. ಒಂದೊಂದು ಎಲೆ, ಒಂದೊಂದು ಹೂವು. ನಾನೇ ಎಣಿಸಿದೀನಿ ಚಿರಂತ್. ಹದಿನಾಲ್ಕು ಜೋಡಿ. ಒಂದೂ ಕಡಿಮೆ ಇಲ್ಲ."

ಅವನು ಬಹಳ ಹೊತ್ತು ಗಂಟು ನೋಡುತ್ತ ಕೂತ. ಆಮೇಲೆ ಎದ್ದು ಬಂದು ಅಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತು, ಆ ದೊಡ್ಡ ಮೈಯನ್ನು ಬಗ್ಗಿಸಿ ಅವರ ಮಡಿಲಲ್ಲಿ ಮುಖವಿಟ್ಟ. "ಇಷ್ಟೂ ವರ್ಷ ಒಬ್ಬಳೇ ಇಟ್ಕೊಂಡಿದ್ದೆಯಲ್ಲಮ್ಮ," ಎಂದ. ಲಾವಣ್ಯಮ್ಮ ಅವನ ಬೋಳಾಗುತ್ತಿದ್ದ ತಲೆ ಸವರುತ್ತ, "ಏಳೋ, ಯಾರಾದ್ರೂ ನೋಡಿದ್ರೆ ಡ್ರಿಲ್ ಮೇಷ್ಟ್ರ ಮರ್ಯಾದೆ ಏನಾಗಬೇಕು," ಎಂದರು. ಆದರೆ ಕೈ ತೆಗೆಯಲಿಲ್ಲ.

ವರದಿ ಹೋಯಿತು. ಮೇಲಿನವರು ಮೊದಲು ನಂಬಲಿಲ್ಲ. ನಮೂನೆಯಲ್ಲಿ ಎಣಿಕೆಗೆ ಇರುವುದು ಒಂದೇ ಚೌಕ, ಎರಡು ಸಂಖ್ಯೆ ಹೇಗೆ ತುಂಬುವುದು ಎಂದು ಕೇಳಿದರು. ಬೋಪಣ್ಣ ಸ್ಲೈಡುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅವರ ಕಣ್ಣಿಗೇ ಹಿಡಿದ. ಹನ್ನೆರಡನೆಯ ದಿನ ಆದೇಶ ಬಂತು: ಇನ್ನು ಮುಂದೆ ಮೊಗ್ಗು ನೋಡದೆ ಯಾವ ಕೆಂಪು ಪಟ್ಟಿಗೂ ಬೆಂಕಿ ಇಡುವಂತಿಲ್ಲ. ಗುಲಾಬಿ ಕಳೆದುಕೊಂಡ ಹನ್ನೊಂದು ಮನೆಗಳಿಗೆ ಧೃತಿ ತಾನೇ ಹೋಗಿ, ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಹೇಳಿ ಬಂದಳು. ಮೂರು ಮನೆಯವರು ಒಳಗೆ ಕರೆದರು. ಟೋಪಿಯ ತಾತ ಕರೆಯಲಿಲ್ಲ.

ಸನಾ ಬಂದು ಕೆಂಪು ಪಟ್ಟಿ ಬಿಚ್ಚಿ ಗುಲಾಬಿಗೆ ಎರಡು ಹಸಿರು ಪಟ್ಟಿ ಕಟ್ಟಿದಳು. ಮಣ್ಣು ಸರಿಸಿ ಗಂಟಿನ ಕೆಳಗೊಂದು, ಮೇಲೊಂದು. "ಎರಡು ಪಟ್ಟಿ ಇರೋ ಗಿಡ ಇಡೀ ರಾಜ್ಯದಲ್ಲಿ ಇದೊಂದೇ ಮೇಡಂ," ಎಂದಳು. ಲಾವಣ್ಯಮ್ಮನಿಗೆ ನಾಲಿಗೆ ವಾಪಸು ಬಂದಿತ್ತು. "ಅದಕ್ಕೆ ಮಣ್ಣಿಗಿಷ್ಟು ಹತ್ತಿರ ಕಟ್ಟೋದಾ? ನಾಳೆನೇ ಕೊಳೆತುಹೋಗುತ್ತೆ, ಬಿಚ್ಚು, ಸರಿಯಾಗಿ ಕಟ್ಟು," ಎಂದು ಮೂರು ಸಲ ಕಟ್ಟಿಸಿದರು.

ಮರುದಿನ ಬೆಳಿಗ್ಗೆ ಚಿರಂತನ ಎಂದಿನಂತೆ ಚೊಂಬು ಹಿಡಿದು ಗಿಡದ ಹತ್ತಿರ ಹೋದ. ಧೃತಿ ಅಡುಗೆಮನೆಯ ಕಿಟಕಿಯಿಂದ ಕಾಫಿ ಸೋಸುತ್ತ ನೋಡುತ್ತಿದ್ದಳು. ಇನ್ನು ಅವನು ಏನೆಂದು ಕರೆಯುತ್ತಾನೋ, ಕರೆಯುತ್ತಾನೋ ಇಲ್ಲವೋ ಎಂದು ಅವಳಿಗೆ ಒಳಗೊಳಗೇ ಅಳುಕು.

"ಅಪ್ಪಾ, ನೀರು," ಎಂದು ಹಾಕಿದ. ಅಬ್ಬ ಎನಿಸಿತು ಅವಳಿಗೆ.

ಆದರೆ ಅವನು ಒಳಗೆ ಬರಲಿಲ್ಲ. ನಲ್ಲಿಯ ಹತ್ತಿರ ಹೋಗಿ ಚೊಂಬನ್ನು ಮತ್ತೆ ತುಂಬಿಕೊಂಡು ಬಂದು, ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಕೆಳಗಿನ ಪಟ್ಟಿಯನ್ನು ಸ್ವಲ್ಪ ಸರಿಸಿದ.

"ಇದು ನಿಂಗೆ. ಐವತ್ತು ವರ್ಷದಿಂದ ಅಪ್ಪನ್ನ ಹೊತ್ಕೊಂಡು ನಿಂತಿದ್ದೀಯ, ಒಂದ್ಸಲನೂ ಯಾರೂ ನಿನ್ನ ಮಾತಾಡಿಸಲಿಲ್ಲ," ಎಂದು ನಿಧಾನವಾಗಿ ಹಾಕಿದ.

ಜಗಲಿಯ ಮೇಲೆ ಕೂತಿದ್ದ ಲಾವಣ್ಯಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, ಬೀದಿಗೆಲ್ಲ ಕೇಳುವಂತೆ ಗದರಿದರು.

"ಸಾಕು ನಿಲ್ಸೋ! ಅಷ್ಟು ನೀರು ಹಾಕಿದ್ರೆ ಬೇರು ಕೊಳೆಯುತ್ತೆ."